ಅಪ್ಪನ ಮೇಜಿನ ಕೆಳಗಿನ ರೇಡಾರ್

ಶೆನ್‌ಝೆನ್
ಸೆಪ್ಟೆಂಬರ್ 18

ಅಪ್ಪಾ,

ಚಹಾಕ್ಕೆ ಹಾಕುವ ಒಣ ಕಿತ್ತಳೆ ಸಿಪ್ಪೆಯ ಡಬ್ಬಿ ತಲುಪಿತು. ಮುಚ್ಚಳ ತೆಗೆದ ಕೂಡಲೇ ಇಡೀ ರೂಮಿನಲ್ಲಿ ನಮ್ಮ ಚಹಾಮನೆಯ ವಾಸನೆ. ಅಮ್ಮ ಇದ್ದಾಗ ಡಬ್ಬಿಯೊಳಗೆ ಒಂದು ಚೀಟಿ ಬರೆದಿಡುತ್ತಿದ್ದಳು. ಅವಳು ಹೋದಮೇಲೂ ನೀನು ಆ ಪದ್ಧತಿ ಬಿಡಲಿಲ್ಲ. ಫೋನಿನಲ್ಲಾದರೆ ನೀನು "ಊಟ ಆಯ್ತಾ? ಸರಿ, ಇಡ್ತೀನಿ, ಗಿರಾಕಿ ಬಂದ್ರು" ಅನ್ನುವುದು ಬಿಟ್ಟು ಬೇರೆ ಮಾತಾಡಿದ್ದೇ ಇಲ್ಲ. ಆದ್ದರಿಂದ ಖಾಲಿ ಡಬ್ಬಿಯಲ್ಲಿ ಈ ಸಲ ಉದ್ದನೆಯ ಕಾಗದ ಇಟ್ಟಿದ್ದೇನೆ. ಕೂತುಕೊಂಡು ಓದು. ಮೊನ್ನೆ ನಮ್ಮ ತಂಡದ ಮಾನ ಮೂರು ಕಾಸಿಗೆ ಹರಾಜಾಯಿತು.

ನಾವು ಮಾಡುತ್ತಿರುವ ಪೆಟ್ಟಿಗೆಯ ಬಗ್ಗೆ ಹೇಳಿದ್ದೆನಲ್ಲ. ಅಂಗೈಯಷ್ಟು ದೊಡ್ಡದು, ಒಳಗೊಂದು ಪುಟಾಣಿ ರೇಡಾರ್. ವಿಮಾನ ಹುಡುಕುವ ರೇಡಾರಿನ ಮರಿ ಅನ್ನು. ಅದಕ್ಕೆ ಕಣ್ಣಿಲ್ಲ, ಕ್ಯಾಮೆರಾ ಇಲ್ಲ. ಅಲೆಗಳನ್ನು ಬಿಡುತ್ತದೆ, ಅವು ಕೈಗೆ ತಾಗಿ ವಾಪಸ್ ಬಂದಾಗ ಬೆರಳು ಹೇಗೆ ಆಡಿತು ಎಂದು ತಿಳಿದುಕೊಳ್ಳುತ್ತದೆ. ಕತ್ತಲಾದರೂ ಸರಿ, ಮಧ್ಯೆ ಮರದ ಹಲಗೆ ಇದ್ದರೂ ಸರಿ. ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿದರೆ ಕಂಪ್ಯೂಟರಿನ ದನಿ ಏರುತ್ತದೆ. ಬೆರಳಿನಿಂದ ಮೇಜು ತಟ್ಟಿದರೆ ಪರದೆಯ ಮೇಲೆ ಮುಂದಿನ ಚಿತ್ರ ಬರುತ್ತದೆ. ಈ ತಟ್ಟುವ ಸನ್ನೆಯನ್ನು ಆರಿಸಿದವನು ನಮ್ಮ ತಂಡದ ಮುಖ್ಯಸ್ಥ ಯುವಾನ್. ಅವನು ದೂರದ ಉತ್ತರದ ಹಾರ್ಬಿನ್‌ನವನು. ಅವರ ಊರಿನಲ್ಲಿ ಚಹಾ ಸುರಿದರೆ ನಮ್ಮ ಹಾಗೆ ಬೆರಳಿನಿಂದ ಮೇಜು ತಟ್ಟುವುದಿಲ್ಲ, ಬಾಯಲ್ಲೇ ಥ್ಯಾಂಕ್ಸ್ ಹೇಳುತ್ತಾರಂತೆ.

ನಿನಗೆ ಈಗಲೇ ನಗು ಬಂದಿರುತ್ತದೆ.

ಪೆಟ್ಟಿಗೆ ಕೊಳ್ಳಲು ನಮ್ಮ ಕಡೆಯ ಫೋಷಾನ್‌ನಿಂದ ನಾಲ್ಕಾರು ಜನ ಬಂದಿದ್ದರು. ಯುವಾನ್ ವಿವರಿಸುತ್ತಿದ್ದ. ಅಷ್ಟರಲ್ಲಿ ಚಹಾ ಬಂತು. ಹುಡುಗಿ ಒಬ್ಬೊಬ್ಬರ ಬಟ್ಟಲಿಗೆ ಸುರಿಯುತ್ತಾ ಹೋದಳು, ಅವರು ಒಬ್ಬೊಬ್ಬರಾಗಿ ಮೇಜು ತಟ್ಟುತ್ತಾ ಹೋದರು. ಪರದೆಯ ಮೇಲೆ ಚಿತ್ರಗಳು ಓಡತೊಡಗಿದವು. ಯುವಾನ್ "ಏನಾಯ್ತು, ಏನಾಯ್ತು" ಅಂತ ಬಡಬಡಿಸುವಷ್ಟರಲ್ಲಿ ನಮ್ಮ ಚಿತ್ರಗಳು ಮುಗಿದು ಅವನ ಸ್ವಂತ ಫೋಟೋಗಳು ಶುರುವಾದವು. ಹೆಪ್ಪುಗಟ್ಟಿದ ನದಿಯಲ್ಲಿ ತೂತು ಕೊರೆದು, ಕೆಂಪು ಚಡ್ಡಿ ಹಾಕಿಕೊಂಡು ಈಜುತ್ತಿರುವ ಯುವಾನ್. ಫೋಷಾನ್‌ನ ಹಿರಿಯರೊಬ್ಬರು "ಮೈಕಟ್ಟು ಚೆನ್ನಾಗಿದೆ" ಅಂದರು.

ನಿಜವಾದ ನಾಚಿಕೆ ಯಾವುದು ಗೊತ್ತಾ? ತಂಡದಲ್ಲಿ ನಮ್ಮ ಕಡೆಯವಳು ನಾನೊಬ್ಬಳೇ. ಚಹಾಮನೆಯಲ್ಲಿ ಹುಟ್ಟಿ ಬೆಳೆದವಳು. ಒಂದು ವರ್ಷ ಈ ಸನ್ನೆಯ ಮೇಲೆ ಕೆಲಸ ಮಾಡಿದರೂ ನನಗೆ ಹೊಳೆಯಲಿಲ್ಲ. ಮೊನ್ನೆ ನನ್ನ ಬಟ್ಟಲಿಗೆ ಸುರಿದಾಗ ನಾನೂ ತಟ್ಟಿದೆ. ಕೆಂಪು ಚಡ್ಡಿಯ ಮೊದಲ ಫೋಟೋ ನನ್ನ ಬೆರಳಿನದೇ ಪುಣ್ಯ.

ಈಗ ಮೇಲಿನವರ ಮಾತು ಹೀಗಿದೆ. ಮಾರ್ಚಿನಲ್ಲಿ ಅದೇ ಗಿರಾಕಿಗಳು ಮತ್ತೆ ಬರುತ್ತಾರೆ. ಅಷ್ಟರೊಳಗೆ ಪೆಟ್ಟಿಗೆಗೆ ಥ್ಯಾಂಕ್ಸ್ ಯಾವುದು, ಅಪ್ಪಣೆ ಯಾವುದು ಎಂದು ತಿಳಿಯಬೇಕು. ಇಲ್ಲವಾದರೆ ನಮ್ಮ ತಂಡವನ್ನು ಹಾರ್ಬಿನ್ ಕಚೇರಿಗೆ ಸಾಗಿಸುತ್ತಾರೆ, ಅಲ್ಲಿ ಯಾರೂ ಮೇಜು ತಟ್ಟುವುದಿಲ್ಲವಲ್ಲ! ಅಪ್ಪಾ, ನನಗೆ ಚಳಿಯ ಭಯವಿಲ್ಲ. ಅಷ್ಟು ದೂರ ಹೋದರೆ ಬಿಡುವಾದ ಭಾನುವಾರ ರೈಲು ಹತ್ತಿ ನಿನ್ನ ಹತ್ತಿರ ಬರಲಾಗುವುದಿಲ್ಲ. ನೀನು ಒಬ್ಬನೇ ಆಗಿಬಿಡುತ್ತೀಯ. ನನಗಿರುವ ಭಯ ಅದೊಂದೇ.

ನಮ್ಮ ಚಹಾಮನೆಯ ಮೇಜುಗಳ ಕೆಳಗೆ ಕೆಲವು ಪೆಟ್ಟಿಗೆ ಅಂಟಿಸಲೇ? ದಿನವಿಡೀ ತಟ್ಟುವ ಜನ ಬೇರೆಲ್ಲಿ ಸಿಗುತ್ತಾರೆ! ಯಾರ ಮುಖವೂ ಅದಕ್ಕೆ ಕಾಣುವುದಿಲ್ಲ, ಮಾತೂ ಕೇಳುವುದಿಲ್ಲ. ಒಂದನ್ನು ಮಾತ್ರ ಅಡುಗೆಮನೆ ಬಾಗಿಲ ಪಕ್ಕದ ನಿನ್ನ ಮೇಜಿನ ಕೆಳಗೆ ಅಂಟಿಸಬೇಕು. ಅಲ್ಲಿ ಯಾರೂ ಚಹಾ ಕುಡಿಯುವುದಿಲ್ಲ. ಏನೂ ನಡೆಯದ ಮೇಜು ಹೇಗಿರುತ್ತದೆ ಎಂದು ಹೋಲಿಸಿ ನೋಡಲು ನಮಗೆ ಒಂದು ಬೇಕು.

ನಿನ್ನ ಮಗಳು,
ಹೊಯ್-ಕಿಯು


ಸನ್‌ವೂಯ್
ಅಕ್ಟೋಬರ್ 20

ಕಿಯು,

ಪೆಟ್ಟಿಗೆ ಅಂಟಿಸಿದ್ದಾಯಿತು. ಬಾಗಿಲಲ್ಲಿ ಬೋರ್ಡೂ ಹಾಕಿದ್ದೇನೆ: "ಇಲ್ಲಿ ಯಂತ್ರವೊಂದು ಮರ್ಯಾದೆ ಕಲಿಯುತ್ತಿದೆ, ಬೇಡವೆನ್ನುವವರು ಕಿಟಕಿಯ ಕಡೆ ಕುಳಿತುಕೊಳ್ಳಿ." ಕಿಟಕಿಯ ಕಡೆ ಯಾರೂ ಹೋಗಲಿಲ್ಲ. ಎಲ್ಲರಿಗೂ ಯಂತ್ರದ ಮೇಲೇ ಕುಳಿತುಕೊಳ್ಳುವ ಆಸೆ.

ಕೆಂಪು ಚಡ್ಡಿಯ ಭಾಗವನ್ನು ಅಂಗಡಿಯಲ್ಲಿ ಜೋರಾಗಿ ಓದಿದೆ. ಬೇಡವಾಗಿತ್ತೇನೋ, ಆದರೆ ಓದಿಯಾಯಿತು.

ನಿನ್ನ ಕೆಲಸ ಸುಲಭವಾಗುತ್ತದೆ ಎಂದುಕೊಳ್ಳಬೇಡ. ಈ ಜನ ನಾಟಕ ಶುರು ಮಾಡಿದ್ದಾರೆ. ಲೌ ಅಜ್ಜ ಅಂಗಿಯ ತೋಳು ಮಡಚಿ, ಗಂಟಲು ಸರಿಮಾಡಿಕೊಂಡು ಮೇಜನ್ನು ದಬದಬ ಬಡಿಯುತ್ತಾನೆ. "ಅಜ್ಜಾ, ಯಾರೂ ಚಹಾನೇ ಸುರಿದಿಲ್ವಲ್ಲಾ" ಅಂದರೆ, "ಕಿಯುಗೆ ಲೆಕ್ಕ ಸಿಗ್ಲಿ ಬಿಡಯ್ಯಾ, ನಿಂದೇನ್ ಹೋಗುತ್ತೆ" ಅನ್ನುತ್ತಾನೆ. ಸ್ವಲ್ಪ ದಿನ ತಾಳು, ಮರೆಯುತ್ತಾರೆ.

ಇನ್ನೊಂದು ಮಾತು. ಹೆಂಡತಿ ಇರುವವನು ಎರಡು ಬೆರಳಿನಿಂದ ತಟ್ಟುತ್ತಾನೆ, ತನ್ನದೊಂದು, ಮನೆಯವಳದೊಂದು. ಇಲ್ಲದವನು ಒಂದೇ ಬೆರಳಿನಿಂದ. ಈಗಿನ ಹುಡುಗರಿಗೆ ಇದೆಲ್ಲ ಗೊತ್ತಿಲ್ಲ, ಇಡೀ ಕೈಯಿಂದ ಬಡಿಯುತ್ತಾರೆ. ಆದರೆ ನಮ್ಮಲ್ಲಿ ಬರುವ ಹಿರಿಯರು ಈಗಲೂ ತಪ್ಪುವುದಿಲ್ಲ. ನಿನ್ನ ಪೆಟ್ಟಿಗೆಗೆ ಅಷ್ಟಾದರೂ ತಿಳಿದೀತೋ?

ಕಿತ್ತಳೆ ಸಿಪ್ಪೆ ತರುವ ಕ್ವಾಂಗ್ ಸಾವ್-ಹಾ ಕೂಡ ಬೋರ್ಡು ಓದಿದರು. "ಕದ್ದು ಕೇಳೋ ಪೆಟ್ಗೇನಾ? ಹಂಗಾದ್ರೆ ಇವತ್ತಿಂದ ನಿಮ್ಮನ್ನ ಬೈಯೋದು ಬಿಟ್ಟೆ" ಅಂದರು. ಕೇಳುವುದಿಲ್ಲ ಎಂದು ತಿಳಿಸಿ ಹೇಳಿದೆ. ಬೈಗುಳ ಮುಂದುವರಿದಿದೆ.

ನಾನು ಒಬ್ಬನೇ ಅನ್ನುತ್ತೀಯಲ್ಲ, ಬೆಳಗಾದರೆ ಇಲ್ಲಿ ನೂರು ಬಾಯಿ. ನೀನು ನಿನ್ನ ಕೆಲಸ ನೋಡು.

ನಿನ್ನ ಅಪ್ಪ,
ಥಾಮ್ ಸೆಕ್-ಯೂನ್


ಶೆನ್‌ಝೆನ್
ನವೆಂಬರ್ 26

ಅಪ್ಪಾ,

ನಿನ್ನ ಗಿರಾಕಿಗಳ ಬೆರಳುಗಳು ದಿನವೂ ವೈಫೈ ಹಿಡಿದು ನನ್ನ ಕಂಪ್ಯೂಟರಿಗೆ ಬರುತ್ತಿವೆ. ಪರದೆಯ ಮೇಲೆ ಅವು ಬರೀ ಗೆರೆಗಳು. ಲೌ ಅಜ್ಜನದನ್ನು ಮಾತ್ರ ಗುರುತಿಸಬಲ್ಲೆ, ಭೂಕಂಪದ ಹಾಗಿರುತ್ತದೆ. ಅವನು ಈಗ ಸ್ವಲ್ಪ ತಣ್ಣಗಾಗಿದ್ದಾನೆ.

ಆದರೆ ಕೆಲಸ ಕುಂಟುತ್ತಿದೆ. ಒಂದು ಬೆರಳೋ ಎರಡೋ ಎನ್ನುವುದು ಪೆಟ್ಟಿಗೆಗೆ ಹೊಳೆಯುತ್ತಿಲ್ಲ. ಅದು ಹಾಗಿರಲಿ, ಥ್ಯಾಂಕ್ಸಿನ ತಟ್ಟಿಗೂ ಅಪ್ಪಣೆಯ ತಟ್ಟಿಗೂ ನಮಗೇ ವ್ಯತ್ಯಾಸ ಕಾಣುತ್ತಿಲ್ಲ. ಯುವಾನ್ "ತಟ್ಟೋದು ತಟ್ಟೋದೇ ಕಣೆ, ಇದ್ರಲ್ಲಿ ಏನು ಹುಡುಕ್ತೀಯಾ" ಅನ್ನುತ್ತಾನೆ. ಬೇರೆ ಸನ್ನೆ ಆರಿಸೋಣ ಎಂದರೆ, ಎಲ್ಲರಿಗೂ ಸಹಜವಾಗಿ ಬರುವುದು ಇದೊಂದೇ. ಗಿರಾಕಿಗಳಿಗೆ ಬೇಕಾಗಿರುವುದೂ ಇದೇ.

ಇದರ ಮೇಲೆ ಇನ್ನೊಂದು ತಲೆನೋವು. ಏನೂ ನಡೆಯಬಾರದ ನಿನ್ನ ಮೇಜಿನಲ್ಲಿ ಏನೋ ನಡೆಯುತ್ತಿದೆ. ಮಧ್ಯಾಹ್ನದ ಗದ್ದಲ ಇಳಿದಮೇಲೆ, ಹೆಚ್ಚುಕಡಿಮೆ ದಿನವೂ. ಮೊದಲು ನಿಧಾನವಾದ ದೊಡ್ಡ ಅಲುಗಾಟ, ಆಮೇಲೆ ಮೂರು ಸಣ್ಣವು. ಪೆಟ್ಟಿಗೆ ಕೆಟ್ಟಿದೆ ಎಂದು ಯುವಾನ್ ಹೇಳುತ್ತಾನೆ. ನೀನು ಒಮ್ಮೆ ಬಗ್ಗಿ ನೋಡುತ್ತೀಯಾ? ಮೇಜಿನ ಮೇಲೆ ಬೆಕ್ಕು ಮಲಗುತ್ತದೆಯಾ?

ಕಿಯು


ಸನ್‌ವೂಯ್
ಡಿಸೆಂಬರ್ 24

ಕಿಯು,

ಬಗ್ಗಿ ನೋಡಿದೆ. ಪೆಟ್ಟಿಗೆ ಗಟ್ಟಿಯಾಗಿದೆ. ಬೆಕ್ಕು ಇರಬಹುದು. ಇಲ್ಲೊಂದು ಓಡಾಡುತ್ತಿರುತ್ತದೆ.

ಚಳಿಗಾಲದ ಹಬ್ಬಕ್ಕೆ ನಿನಗೆ ಬರಲಾಗಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ಅಕ್ಕಿಹಿಟ್ಟಿನ ಉಂಡೆಗಳು ಚೆನ್ನಾಗಿದ್ದವು. ಶುಂಠಿ ಹಾಕಿದ ಬೆಲ್ಲದ ನೀರು, ಹದವಾಗಿ ಬೆಂದಿದ್ದವು, ಒಂದೂ ಒಡೆದಿರಲಿಲ್ಲ.

ಈ ಸಲದ ಸಿಪ್ಪೆ ತುಂಬಾ ಹಳೆಯದು, ಹಳೆಯದಾದಷ್ಟೂ ಬೆಲೆ ಹೆಚ್ಚು, ಅಂಗಡಿಯಲ್ಲಿ ಮಾರುವಂಥದ್ದಲ್ಲ. ಜೋಪಾನವಾಗಿ ಬಳಸು. ನಿನ್ನ ಕೆಮ್ಮಿಗೆ ಒಳ್ಳೆಯದಂತೆ.

ಅಪ್ಪ


ಶೆನ್‌ಝೆನ್
ಜನವರಿ 15

ಅಪ್ಪಾ,

ದಾರಿ ಸಿಕ್ಕಿತು!

ಬೇರೆ ಮೇಜುಗಳ ಗೆರೆಗಳು ಸಂತೆಯ ಹಾಗೆ. ಒಬ್ಬ ಕಡುಬು ಎತ್ತುತ್ತಾನೆ, ಒಬ್ಬಳು ಮಗುವಿನ ಮೂಗು ಒರೆಸುತ್ತಾಳೆ, ಯಾರೋ ಹಬೆಯ ಬುಟ್ಟಿ ದೂಡುತ್ತಾರೆ. ಅದರಲ್ಲಿ ಏನೂ ಕಾಣುತ್ತಿರಲಿಲ್ಲ. ಕೊನೆಗೆ ಬೇಸರ ಬಂದು ನಿನ್ನ ಬೆಕ್ಕಿನ ಮೇಜನ್ನು ಬಿಡಿಸಿ ನೋಡುತ್ತಾ ಕೂತೆ. ಅಲ್ಲಿ ಎಲ್ಲ ಸ್ವಚ್ಛ. ಮೊದಲು ಒಂದು ತೋಳು ಮೇಜಿನ ಮೇಲೆ ಚಾಚಿ ಬರುತ್ತದೆ, ಬಾಗುತ್ತದೆ, ಸ್ವಲ್ಪ ಹೊತ್ತು ಹಾಗೇ ನಿಂತು ಹಿಂದೆ ಹೋಗುತ್ತದೆ. ಆಮೇಲೆ ಎದುರುಗಡೆಯಿಂದ ಮೂರು ಸಣ್ಣ ತಟ್ಟು. ದಿನವೂ ಅದೇ ಕ್ರಮ.

ನಾವು ಇಷ್ಟು ದಿನ ತಟ್ಟುವ ಬೆರಳನ್ನೇ ದಿಟ್ಟಿಸುತ್ತಿದ್ದೆವು. ನೋಡಬೇಕಾಗಿದ್ದದ್ದು ಅದಕ್ಕೆ ಮುಂಚಿನ ಕೈಯನ್ನು. ಯಾರಾದರೂ ಸುರಿಯದೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲವಲ್ಲ! ಸುರಿಯುವ ತೋಳು ಬಂದರೆ ಪೆಟ್ಟಿಗೆ ಸ್ವಲ್ಪ ಹೊತ್ತು ಸುಮ್ಮನಿರಬೇಕು, ಅಷ್ಟೇ. ಇದನ್ನು ಹೇಳಿಕೊಟ್ಟಮೇಲೆ ಉಳಿದ ಮೇಜುಗಳಲ್ಲೂ ಅದು ಸಂತೆಯ ನಡುವೆ ತೋಳನ್ನು ಹುಡುಕಿ ತೆಗೆಯುತ್ತಿದೆ. ಯುವಾನ್ ನನ್ನನ್ನು ಎತ್ತಿ ಕುಣಿಸುವುದೊಂದು ಬಾಕಿ. ಮಾರ್ಚಿಗೆ ಸಿದ್ಧವಾಗಬಹುದು ಅನ್ನಿಸುತ್ತಿದೆ.

ಅಪ್ಪಾ, ಬೆಕ್ಕು ಚಹಾ ಸುರಿಯುವುದಿಲ್ಲ.

ನನಗೆ ಬುದ್ಧಿ ಬಂದಾಗಿನಿಂದ ನಿನಗೆ ಯಾರೂ ಚಹಾ ಸುರಿದದ್ದನ್ನು ನಾನು ನೋಡಿಲ್ಲ. ಅಮ್ಮ ಒಲೆಯ ಮುಂದೆ ಇರುತ್ತಿದ್ದಳು, ನಾನು ಪುಸ್ತಕದ ಮುಂದೆ. ಊರಿಗೆಲ್ಲ ಸುರಿದು ನೀನು ನಿನ್ನ ಥರ್ಮಾಸಿನಿಂದ ನಿಂತುಕೊಂಡೇ ಕುಡಿಯುತ್ತಿದ್ದೆ. ಈಗ ಯಾರೋ ನಿನ್ನ ಎದುರು ಕುಳಿತು ಸುರಿಯುತ್ತಿದ್ದಾರೆ, ನೀನು ಮೂರು ಸಲ ತಟ್ಟುತ್ತಿದ್ದೀಯ. ಆ ಗೆರೆಗಳ ಮುಂದೆ ಕೂತು ಸ್ವಲ್ಪ ಅತ್ತೆ. ದುಃಖಕ್ಕಲ್ಲ.

ಫೆಬ್ರವರಿಯಲ್ಲಿ ನಮ್ಮ ಹೊಸ ವರ್ಷಕ್ಕೆ ಬರುತ್ತಿದ್ದೇನೆ. ಹೇಳಬೇಕು ಅನ್ನಿಸಿದರೆ ಹೇಳು.

ಕಿಯು


ಸನ್‌ವೂಯ್
ಫೆಬ್ರವರಿ 27

ಕಿಯು,

ಹಬ್ಬಕ್ಕೆ ಬಂದು ಹೋದೆ. ಇದ್ದಷ್ಟು ದಿನವೂ ನಾನು ಹೇಳಲಿ ಎಂದು ನೀನು ಕಾದೆ, ನೀನು ಕೇಳಲಿ ಎಂದು ನಾನು ಕಾದೆ. ಮಧ್ಯೆ ಲೌ ಅಜ್ಜ ಒಬ್ಬ, "ಸಿಪ್ಪೆ" ಅನ್ನುವ ಮಾತು ಬಂದಾಗಲೆಲ್ಲ ಕೆಮ್ಮುತ್ತಿದ್ದ. ಬಾಯಲ್ಲಿ ಆಗದ್ದು ಕಾಗದದಲ್ಲಾದರೂ ಆಗಲಿ ಎಂದು ಕೂತಿದ್ದೇನೆ.

ಕ್ವಾಂಗ್ ಸಾವ್-ಹಾ. ನಿನಗೆ ಗೊತ್ತಾಗಿರುತ್ತದೆ. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಸಿಪ್ಪೆಯ ವ್ಯಾಪಾರವನ್ನು ಒಬ್ಬಳೇ ನಡೆಸುತ್ತಾಳೆ. ಹೋದ ವರ್ಷ ಬೇಸಿಗೆಯಲ್ಲಿ ಒಂದು ದಿನ ಮೂಟೆ ಇಳಿಸಿದಮೇಲೆ ನನ್ನ ಮೇಜಿನ ಹತ್ತಿರ ಕುಳಿತಳು. "ನಿಮ್ಮಂಗಡೀಲಿ ಕೂತ್ಕೊಂಡು ಚಹಾ ಕುಡಿಯೋಕೆ ನಿಮಗೊಬ್ರಿಗೇ ಜಾಗ ಇಲ್ವಾ? ಕೂತ್ಕೊಳ್ಳಿ" ಅಂದಳು. ಕೂತೆ. ಸುರಿದಳು. ಕೈಯನ್ನು ಎಲ್ಲಿಡಬೇಕೆಂದೇ ನನಗೆ ತಿಳಿಯಲಿಲ್ಲ. ಆಮೇಲೆ ಬೆರಳು ತಾನಾಗಿಯೇ ತಟ್ಟಿತು. ಒಂದೇ ಬೆರಳು. ನಾನು ನಿಯಮ ಮೀರಿದವನಲ್ಲ.

ಚಳಿಗಾಲದ ಹಬ್ಬದ ಉಂಡೆ ಮಾಡಿದವಳೂ ಅವಳೇ. ಆ ಹಳೆಯ ಸಿಪ್ಪೆ ನಿನ್ನ ಕೆಮ್ಮಿಗೆಂದು ತನ್ನ ಮನೆಯಿಂದ ತಂದುಕೊಟ್ಟದ್ದು. ನಿನ್ನ ಬಗ್ಗೆ ದಿನವೂ ಕೇಳುತ್ತಾಳೆ. ಹೊಸ ವರ್ಷಕ್ಕೆ ನೀನು ಬಂದಾಗ ಮಾತ್ರ ಅಂಗಡಿಗೆ ಕಾಲಿಡಲಿಲ್ಲ. "ಅದು ಅವಳಮ್ಮನ ಮನೆ, ಕಿಯು ಕರೆದ್ರೆ ಬರ್ತೀನಿ" ಅಂದಳು.

ಪೆಟ್ಟಿಗೆ ಅಂಟಿಸುವಾಗ ನನಗೆ ಗೊತ್ತಿತ್ತು, ಅದು ನಮ್ಮ ಕೈಗಳನ್ನು ನಿನಗೆ ಹೇಳಿಬಿಡುತ್ತದೆ ಎಂದು. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಅದಾದರೂ ಹೇಳಲಿ ಅಂದುಕೊಂಡೆ.

ನಾನು ನಿನ್ನ ಅಮ್ಮನನ್ನು ಮರೆತಿಲ್ಲ. ನಿನಗೆ ನೋವಾಗುವುದಾದರೆ ಒಂದು ಸಾಲು ಬರೆ, ಥರ್ಮಾಸ್ ಇನ್ನೂ ಗೂಟದಲ್ಲೇ ಇದೆ. ಸಮಾಧಾನವಾಗಿಯೇ ಅದಕ್ಕೆ ವಾಪಸ್ ಹೋಗುತ್ತೇನೆ ಎಂದು ಬರೆದಿದ್ದೆ, ಸುಳ್ಳಾಗುತ್ತದೆಂದು ಹೊಡೆದು ಹಾಕಿದೆ.

ನಿನ್ನ ಕೆಲಸ ಚೆನ್ನಾಗಿ ಆಗಲಿ.

ಅಪ್ಪ


ಶೆನ್‌ಝೆನ್
ಮಾರ್ಚ್ 19

ಅಪ್ಪಾ,

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ಥರ್ಮಾಸನ್ನು ಲೌ ಅಜ್ಜನಿಗೆ ಕೊಟ್ಟುಬಿಡು.

ನೋವಾಗಲಿಲ್ಲ ಎಂದರೆ ನೀನು ನಂಬುವುದಿಲ್ಲ, ಆದ್ದರಿಂದ ನಿಜ ಹೇಳುತ್ತೇನೆ. ಒಂದು ಸಂಜೆ ಸ್ವಲ್ಪ ಚುರುಕ್ ಅಂದಿತು. ಆಮೇಲೆ ಆ ಉಂಡೆಗಳು ಒಂದೂ ಒಡೆದಿರಲಿಲ್ಲ ಎಂದು ನೀನು ಬರೆದದ್ದು ನೆನಪಾಯಿತು. ನನ್ನಪ್ಪ ಊಟದ ಬಗ್ಗೆ ಅಷ್ಟು ಉದ್ದ ಬರೆದದ್ದು ಅದೇ ಮೊದಲು. ಹೊಟ್ಟೆ ತುಂಬಿದವನ ಬರವಣಿಗೆ ಅದು. ನನಗೆ ಖುಷಿಯಾಗಿದೆ, ಅಪ್ಪಾ.

ಈಗ ಮಾರ್ಚಿನ ಕತೆ. ಫೋಷಾನ್‌ನವರು ಮೊನ್ನೆ ಬಂದರು. ಚಹಾ ಬಂತು. ಹುಡುಗಿ ಸುರಿದಳು, ಅವರು ತಟ್ಟಿದರು, ಪರದೆ ಅಲುಗಲಿಲ್ಲ. ಆ ಹಿರಿಯರು ಬಿಡುತ್ತಾರೆಯೇ! ತಾವೇ ಎದ್ದು ಕೆಟಲ್ ಕಿತ್ತುಕೊಂಡು ಎಡಗಡೆಯಿಂದ ಸುರಿದರು, ಬಲಗಡೆಯಿಂದ ಸುರಿದರು, ಯುವಾನ್‌ನ ಬಟ್ಟಲು ತುಂಬಿ ಚೆಲ್ಲುವವರೆಗೂ ಸುರಿದರು. ಎಲ್ಲರೂ ತಟ್ಟಿದ್ದೇ ತಟ್ಟಿದ್ದು. ಪರದೆ ಗಪ್‌ಚಿಪ್. ಆಮೇಲೆ ಕೆಟಲ್ ಕೆಳಗಿಟ್ಟು, ಕೈ ಕಟ್ಟಿ ಸ್ವಲ್ಪ ಹೊತ್ತು ಕೂತು, ಒಂದು ಬೆರಳಿನಿಂದ ಮೆಲ್ಲಗೆ ತಟ್ಟಿದರು. ಮುಂದಿನ ಚಿತ್ರ ಬಂತು.

"ಬಂತಲ್ಲಪ್ಪಾ ಮರ್ಯಾದೆ" ಅಂದರು. ಆಮೇಲೆ ಯುವಾನ್ ಕಡೆ ತಿರುಗಿ, "ಆದ್ರೂ ಆ ಚಡ್ಡಿ ಫೋಟೋ ಇನ್ನೊಂದ್ಸಲ ತೋರ್ಸಯ್ಯಾ" ಅಂದರು.

ಹಾರ್ಬಿನ್ ಇಲ್ಲ. ತಂಡ ಇಲ್ಲೇ ಇರುತ್ತದೆ. ಭಾನುವಾರದ ರೈಲು ನನ್ನದೇ. ಯುವಾನ್ ಕೂಡ ಈಗ ಮೇಜು ತಟ್ಟುವುದನ್ನು ಕಲಿತು, ಮೆಟ್ರೋದಲ್ಲಿ ಜಾಗ ಬಿಟ್ಟುಕೊಟ್ಟವರಿಗೂ ಸೀಟಿನ ಕಂಬಿ ತಟ್ಟುತ್ತಿದ್ದಾನೆ.

ಚಿಂಗ್ ಮಿಂಗ್ ದಿನ ಅಮ್ಮನ ಸಮಾಧಿ ಗುಡಿಸಲು ಬರುತ್ತೇನೆ. ಕ್ವಾಂಗ್ ಅವರನ್ನೂ ಕರೆ. ಮಗಳು ಕರೆದಳು ಎಂದು ಹೇಳು. ಅಮ್ಮನಿಗೆ ಮಾತ್ರ ನೀನೇ ಹೇಳಬೇಕು, ಅದಕ್ಕೆ ನನ್ನ ಪೆಟ್ಟಿಗೆ ಬರುವುದಿಲ್ಲ.

ಕಿಯು


ಸನ್‌ವೂಯ್
ಏಪ್ರಿಲ್ 12

ಕಿಯು,

ಸಮಾಧಿಯ ಗುಡ್ಡ ಇಳಿಯುವಾಗ ಕಲ್ಲು ಜಾರುತ್ತಿತ್ತು, ನೀನು ಸಾವ್-ಹಾಳ ಕೈ ಹಿಡಿದುಕೊಂಡೆ. ನಾನು ಹಿಂದಿನಿಂದ ನೋಡಿದೆ. ಈಗ ಹೇಳುತ್ತೇನೆ: ನನಗೆ ಬಹಳ ಸಂತೋಷವಾಯಿತು.

ಸಮಾಧಿಯ ಮುಂದೆ ನಾನು ಇನ್ನೂ ಊದುಬತ್ತಿ ಹಚ್ಚುತ್ತಿದ್ದೆ. ಅವಳೇ ಸಿಪ್ಪೆಯ ಪೊಟ್ಟಣ ಇಟ್ಟು, "ಅಕ್ಕಾ, ಇವ್ರು ಮೂಲಂಗಿ ಕಡುಬಿಗೆ ಉಪ್ಪು ಜಾಸ್ತಿ ಹಾಕ್ತಾರೆ. ನಿಮ್ ಕಾಲದಲ್ಲೂ ಹಿಂಗೇನಾ?" ಎಂದು ಕೇಳಿದಳಲ್ಲ. ನೀನು ನಕ್ಕೆ. ನಿನ್ನ ಅಮ್ಮನೂ ನಕ್ಕಿರುತ್ತಾಳೆ, ನಲವತ್ತು ವರ್ಷ ಅವಳ ದೂರೂ ಅದೇ ಆಗಿತ್ತು. ಆಮೇಲೆ ಮೂರು ಬಟ್ಟಲು ಚಹಾ ಸುರಿಯುವಾಗ ನಾನು ಹೇಳಬೇಕಾದದ್ದನ್ನು ಹೇಳಿದೆ, ಮನಸ್ಸಿನಲ್ಲೇ. ನಿನ್ನ ಅಮ್ಮನಿಗೆ ಅಷ್ಟು ಸಾಕು.

ಮೇಜುಗಳ ಕೆಳಗಿನ ಪೆಟ್ಟಿಗೆಗಳನ್ನು ತೆಗೆಯಬೇಕೇ? ಜನಕ್ಕೆ ರೂಢಿಯಾಗಿಬಿಟ್ಟಿದೆ, ಇನ್ನೂ ಬೇಕಾದರೆ ಇಟ್ಟುಕೋ.

ಅಪ್ಪ


ಶೆನ್‌ಝೆನ್
ಮೇ 22

ಅಪ್ಪಾ,

ಹೊಸ ಚಿಪ್ ಬಂದಿದೆ. ಈ ಸಲ ನೀನು ಅಕ್ಟೋಬರಿನಲ್ಲಿ ಕೆಣಕಿದ್ದಕ್ಕೆ ಉತ್ತರವನ್ನೂ ಕೊಟ್ಟಿದ್ದೇವೆ, ಒಂದು ಬೆರಳು ಯಾವುದು, ಎರಡು ಯಾವುದು ಎಂದು ಅದಕ್ಕೆ ತಿಳಿಯುತ್ತದೆ. ಸರಿಯಾಗಿದೆಯೋ ಎಂದು ನೋಡಲು ನಮ್ಮೂರಿನ ಹಳೆಯ ಗೆರೆಗಳನ್ನೆಲ್ಲ ಅದಕ್ಕೆ ಕೊಟ್ಟೆವು. ಲೌ ಅಜ್ಜ ಎರಡು ಬೆರಳು. ಮೀನಿನಂಗಡಿಯ ಬ್ರಹ್ಮಚಾರಿ ಒಂದು ಬೆರಳು. ಎಲ್ಲ ಸರಿ.

ನಿನ್ನ ಮೇಜಿನ ಹತ್ತಿರ ಬಂದಾಗ ಯುವಾನ್ ತಲೆ ಕೆರೆದುಕೊಂಡ. "ಇಲ್ಲೇನೋ ಎಡವಟ್ಟಾಗಿದೆ ನೋಡು. ಶರತ್ಕಾಲ, ಚಳಿಗಾಲ, ಪೂರ್ತಿ ಒಂದೇ ಬೆರಳು. ಏಪ್ರಿಲ್‌ನಲ್ಲೂ ಒಂದೇ. ಹೋದ ಗುರುವಾರದಿಂದ ಇದ್ದಕ್ಕಿದ್ದ ಹಾಗೆ ಎರಡು. ಕೈ ಅದೇ, ಮೇಜು ಅದೇ. ಚಿಪ್ ತಪ್ಪು ಮಾಡ್ತಿದೆಯಾ?"

ನಾನು ಆ ಗೆರೆಯನ್ನು ಮತ್ತೆ ಮತ್ತೆ ಹಾಕಿ ನೋಡಿದೆ. ತೋಳು ಬರುತ್ತದೆ, ಬಾಗುತ್ತದೆ, ಹೋಗುತ್ತದೆ. ಆಮೇಲೆ ಎರಡು ಬೆರಳು ಜೊತೆಯಾಗಿ, ಮೂರು ಸಲ.

ಅಪ್ಪಾ, ಆ ಒಂದು ಪೆಟ್ಟಿಗೆಯನ್ನು ಇವತ್ತೇ ಕಿತ್ತು ಡಬ್ಬಿಯಲ್ಲಿ ಹಾಕಿ ಕಳಿಸು. ಇನ್ನು ಆ ಮೇಜಿನಲ್ಲಿ ನಾನು ಇಣುಕಬಾರದು. ಚಿಕ್ಕಮ್ಮನಿಗೆ ಯಾವ ಬಣ್ಣ ಇಷ್ಟ ಎಂದು ಕೇಳಿ ಬರೆ. ಭಾನುವಾರ ಬರುತ್ತೇನೆ. ಚಹಾ ಸುರಿಯುವುದು ನಾನು, ನೀವಿಬ್ಬರೂ ಕೂತಿರಬೇಕು.

ಯುವಾನ್ ಇನ್ನೂ ಉತ್ತರಕ್ಕೆ ಕಾಯುತ್ತಿದ್ದ.

"ಚಿಪ್ ತಪ್ಪಿಲ್ಲ ಮಾರಾಯಾ," ಅಂದೆ. "ನಮ್ಮಪ್ಪಂಗೆ ಮದುವೆ ಆಗಿದೆ."

ಮೂರು ಸಲ ಮೇಜು ತಟ್ಟಿ,
ಕಿಯು